ಗುಣಮಟ್ಟದ ಪದ್ಧತಿ ತರಬೇಕೇ? ಕೆಂಪು ಡಬ್ಬಿಯಿಂದ ಶುರು ಮಾಡಿ

ಬೆಂಗಳೂರಿನ ಪೀಣ್ಯದ ಸಣ್ಣ ಮಷೀನ್ ಶಾಪ್‌ಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನಾಳೆ ಐಎಸ್‌ಒ 9001 ಆಡಿಟ್, ಅಂದರೆ ಗುಣಮಟ್ಟ ಪದ್ಧತಿಯ ಸರ್ಟಿಫಿಕೇಟ್‌ಗೆ ತಪಾಸಣೆ. ಇವತ್ತು ರಾತ್ರಿ ಇಬ್ಬರು ಹುಡುಗರು ಕೂತು ಮೂರು ತಿಂಗಳ ರಿಜಿಸ್ಟರ್ ತುಂಬುತ್ತಾರೆ, ಒಂದೇ ಪೆನ್ನಿನಲ್ಲಿ. ಸರ್ಟಿಫಿಕೇಟ್ ಗೋಡೆ ಏರುತ್ತದೆ. ರಿಜೆಕ್ಷನ್ ಇದ್ದಷ್ಟೇ ಇರುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

1. ಗಿರಾಕಿ ವಾಪಸ್ ಕಳಿಸಿದ ಮಾಲು ನೋಡಿ. ಜಾಸ್ತಿ ಬರುವ ಒಂದೇ ದೋಷ ಆರಿಸಿಕೊಳ್ಳಿ.

2. ಕೆಲಸದ ಸೂಚನೆಯನ್ನು ಆಪರೇಟರ್ ಓದಬಲ್ಲ ಭಾಷೆಯಲ್ಲಿ ಬರೆದು ಮಷೀನ್ ಪಕ್ಕ ಅಂಟಿಸಿ. ಹೆಸರು ಬದಲಿಸಿ ಮಾರುವ ರೆಡಿಮೇಡ್ ಮ್ಯಾನ್ಯುಯಲ್ ಮಾತ್ರ ಕೊಳ್ಳಲೇಬೇಡಿ. ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಮ್ಯಾನ್ಯುಯಲ್ ಕಡ್ಡಾಯವೇ ಅಲ್ಲ. ಆ ದುಡ್ಡಿಗೆ ಅಳತೆ ನೋಡುವ ಒಳ್ಳೆ ಗೇಜ್ ಬರುತ್ತದೆ. ‘ಗುಣಮಟ್ಟವೇ ದೇವರು’ ಅನ್ನುವ ಪೋಸ್ಟರ್‌ಗಳೂ ಬೇಡ.

3. ಎಲ್ಲರೂ ಎಡವುವುದು ಇಲ್ಲೇ. ಪ್ರತಿ ಮಷೀನ್ ಪಕ್ಕ ಒಂದು ಕೆಂಪು ಡಬ್ಬಿ ಇಡಿ. ಅಳತೆ ತಪ್ಪಿದ ಪೀಸ್ ಅದರೊಳಗೆ ಬೀಳಬೇಕು. ಮೊದಲ ವಾರ ಡಬ್ಬಿ ಖಾಲಿ ಇರುತ್ತದೆ. ಖುಷಿಪಡಬೇಡಿ. ಕೆಟ್ಟ ಪೀಸ್ ಲೋಹದ ಚೂರುಗಳ (ಚಿಪ್ಸ್) ರಾಶಿಯ ಕೆಳಗೆ ಹೋಗಿರುತ್ತದೆ, ಇಲ್ಲವೇ ಒಳ್ಳೆ ಮಾಲಿನಲ್ಲಿ ಸೇರಿರುತ್ತದೆ. ಬೈಗುಳದ ಹೆದರಿಕೆ, ಅಷ್ಟೇ.

ಒಂದು ದಿನ ಯಾರೋ ಧೈರ್ಯ ಮಾಡಿ ಎರಡು ಪೀಸ್ ಹಾಕುತ್ತಾರೆ. ಆ ದಿನ ಮಾಲೀಕರಾದ ನೀವು ಏನು ಹೇಳುತ್ತೀರಿ ಅಂತ ಇಡೀ ಶಾಪ್ ಕಿವಿ ನೆಟ್ಟಿರುತ್ತದೆ. ‘ಯಾರು ಮಾಡಿದ್ದು?’ ಅಂದಿರೋ, ಕೆಲಸ ಕೆಟ್ಟಿತು. ‘ಹೇಗಾಯ್ತಪ್ಪಾ, ತೋರಿಸು’ ಅನ್ನಿ. ಮಷೀನ್ ಹತ್ತಿರವೇ ನಿಂತು ನೋಡಿ. ಲೋಹ ಕತ್ತರಿಸುವ ಇನ್ಸರ್ಟ್ ಸವೆದಿದೆಯಾ? ಪೀಸ್ ಹಿಡಿದಿಡುವ ಫಿಕ್ಸ್ಚರ್ ಸಡಿಲವಾ? ಅವತ್ತೇ ಸರಿ ಮಾಡಿಸಿ. ಹೇಳಿದರೆ ಕೆಲಸ ಆಗುತ್ತದೆ ಅಂತ ಕಂಡ ಮೇಲೆ ಉಳಿದವರೂ ಹೇಳುತ್ತಾರೆ. ಸೂಪರ್‌ವೈಸರ್‌ಗೂ ಇದೇ ಮಾತು ಕಲಿಸಿ. ನೀವು ಇಲ್ಲದಾಗ ಅವರು ಗದರಿದರೆ ಡಬ್ಬಿ ಮತ್ತೆ ಖಾಲಿ.

ಜನ ಸರಿ ಇಲ್ಲ ಅನ್ನುವವರಿಗೆ ನಾನು ಅಮೆರಿಕದ ಫ್ರೀಮಾಂಟ್ ಕಥೆ ಹೇಳುತ್ತೇನೆ. ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ ಆ ಕಾರು ಕಾರ್ಖಾನೆ 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ಆದರೆ ಈಗ ತಪ್ಪು ಕಂಡರೆ ಹಗ್ಗ ಎಳೆದು ಲೈನ್ ನಿಲ್ಲಿಸುವ ಹಕ್ಕು ಅವರಿಗಿತ್ತು. ಗುಣಮಟ್ಟ ಬೇಗನೆ ಸುಧಾರಿಸಿತು. ಭಯ ಓಡಿಸಿ ಅಂತ ಅಮೆರಿಕದ ಗುಣಮಟ್ಟ ತಜ್ಞ ಡೆಮಿಂಗ್ ತಮ್ಮ 14 ಸೂತ್ರಗಳಲ್ಲಿ ಸೇರಿಸಿದ್ದು ಸುಮ್ನೆ ಅಲ್ಲ.

4. ಬೋನಸ್ ಲೆಕ್ಕ ಬದಲಿಸಿ. ಬರೀ ಪೀಸ್ ಎಣಿಸಿ ದುಡ್ಡು ಕೊಟ್ಟರೆ ಯಾರು ತಾನೇ ಮಷೀನ್ ನಿಲ್ಲಿಸುತ್ತಾರೆ?

5. ಶಿಫ್ಟ್ ಶುರುವಿನಲ್ಲಿ ಹತ್ತು ನಿಮಿಷ ಡಬ್ಬಿ ಸುತ್ತ ನಿಂತು ಮಾತಾಡಿ. ರಿಜಿಸ್ಟರ್‌ನಲ್ಲಿ ಆಪರೇಟರೇ ಬರೆಯಲಿ. ಸಾಫ್ಟ್‌ವೇರ್ ಈಗಲೇ ಬೇಡ.

6. ಇದೆಲ್ಲ ಮೂರ್ನಾಲ್ಕು ತಿಂಗಳು ನಡೆದ ಮೇಲೆ ಆಡಿಟರ್‌ಗೆ ಫೋನ್ ಮಾಡಿ. ಅಷ್ಟರಲ್ಲಿ ರಿಜಿಸ್ಟರ್ ತುಂಬ ಬೇರೆ ಬೇರೆ ಕೈಬರಹ, ಎಣ್ಣೆ ಕಲೆ ಇರುತ್ತವೆ. ಫೇರ್ ಕಾಪಿ ಮಾಡಿಸಬೇಡಿ. ಹಾಗೇ ತೋರಿಸಿ.