ಕಡಲಿಗೆ ನಾಯಿ ಒಯ್ಯುವ ಮುಂಚೆ ಒಂದಿಷ್ಟು ಅಡಿಕೆ ಹಾಳೆ ಕತ್ತರಿಸಿಕೊಳ್ಳಿ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕೂತುಕೊಂಡು ನಾಯಿಯನ್ನು ಸಮುದ್ರಕ್ಕೆ ಕರೆದುಕೊಂಡು ಹೋಗ್ತೀನಿ ಅಂದರೆ ನೆಂಟರು ನಗುತ್ತಾರೆ. ನಗಲಿ. ತಾಳಗುಪ್ಪ, ಮಾವಿನಗುಂಡಿ ದಾಟಿ ಗೇರುಸೊಪ್ಪ ಘಟ್ಟ ಇಳಿದರೆ ಹೊನ್ನಾವರ. ಬೆಳಗಿನ ಜಾವ ಹೊರಟರೆ ಬಿಸಿಲು ಏರುವ ಮೊದಲೇ ಮರಳಿನ ಮೇಲಿರಬಹುದು. ನಮ್ಮ ಜೂಲಿಗೆ ನೀರು ಕಂಡರೆ ಹುಚ್ಚು.

'ಬೀಚಿಗೆ ನಾಯಿ ಬಿಡ್ತಾರಾ?' ಅಂತ ಎಲ್ಲರೂ ಕೇಳುತ್ತಾರೆ. ಎಲ್ಲ ಕಡೆ ಇಲ್ಲ. ಹೊನ್ನಾವರದ ಪಕ್ಕದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕ, ಸುರಕ್ಷಿತ ಬೀಚು ಅನ್ನುವ ಗುರುತಿನ ಬಾವುಟ, ಸಿಕ್ಕಿತು, ಅದೇ ವರ್ಷ ಪಡುಬಿದ್ರಿಗೂ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಈ ಬಾವುಟಕ್ಕೆ 33 ಷರತ್ತುಗಳಿವೆ. ನಾಯಿ ಮತ್ತಿತರ ಸಾಕುಪ್ರಾಣಿಗಳ ಓಡಾಟಕ್ಕೆ ಕಡಿವಾಣ ಇರಬೇಕು ಅನ್ನುವುದೂ ಅದರಲ್ಲೊಂದು. ನೀರಿಗೂ ಲೆಕ್ಕ ಇದೆ. 100 ಮಿ.ಲೀ. ಸಮುದ್ರದ ನೀರಿನಲ್ಲಿ ಇ-ಕೋಲೈ 250 ದಾಟಬಾರದು, ಎಂಟರೊಕಾಕೈ 100 ದಾಟಬಾರದು. ಎರಡೂ ಕರುಳಿನಿಂದ ಬರುವ ಬ್ಯಾಕ್ಟೀರಿಯಾ. ಮನುಷ್ಯರದ್ದಾಗಲಿ ನಾಯಿಯದ್ದಾಗಲಿ, ಹೇಲು ನೀರಿಗೆ ಸೇರಿದರೆ ಇವು ಏರುತ್ತವೆ. ಹಾಗಾಗಿ ಬಾವುಟ ಹಾರುವ ಜಾಗಕ್ಕೆ ಜೂಲಿಯನ್ನು ಒಯ್ಯುವ ಆಸೆಯನ್ನೇ ನಾನು ಇಟ್ಟುಕೊಂಡಿಲ್ಲ. ಕರಾವಳಿ ಉದ್ದಕ್ಕಿದೆ, ಜನ ಕಡಿಮೆ ಇರುವ ಮರಳು ಬೇಕಾದಷ್ಟು ಸಿಗುತ್ತದೆ.

ಆದರೆ ಜನ ಇಲ್ಲ ಅಂದ ಮಾತ್ರಕ್ಕೆ ಅದು ಯಾರದೂ ಅಲ್ಲದ ಜಾಗ ಅಲ್ಲ. ದೋಣಿ ಎಳೆದಿಟ್ಟಿರುತ್ತಾರೆ, ಬಲೆ ಹರಡಿರುತ್ತಾರೆ. ನಾನು ಮೊದಲು ಅಲ್ಲಿದ್ದವರನ್ನು ಕೇಳುತ್ತೇನೆ. ಒಬ್ಬ ಅಮ್ಮ ಬುಟ್ಟಿ ಕೆಳಗಿಡುತ್ತಾ ಹೇಳಿದ್ದರು, 'ನಾಯಿ ಬಂದ್ರೆ ಅಡ್ಡಿಲ್ಲ, ಮೀನು ಒಣಗ್ಸಿದ್ ಬದಿಗೆ ಮಾತ್ರ ಬಿಡಬೇಡಿ.' ನ್ಯಾಯವಾದ ಮಾತು. ಅದಕ್ಕೇ ಉದ್ದದ ನೈಲಾನ್ ಹಗ್ಗ ಕಟ್ಟಿಯೇ ಆಡಿಸುವುದು. ಓಡಲು ಜಾಗ ಸಿಗುತ್ತದೆ, ಇನ್ನೊಬ್ಬರ ಮೀನಿನ ತನಕ ಹೋಗುವುದಿಲ್ಲ.

ಹಗ್ಗಕ್ಕೆ ಇನ್ನೊಂದು ಕಾರಣ ಆಮೆ. ಹೊನ್ನಾವರದ ಕಡೆ ಚಳಿಗಾಲದಿಂದ ಬೇಸಿಗೆಯೊಳಗೆ ಆಲಿವ್ ರಿಡ್ಲಿ ಆಮೆಗಳು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ನಾಯಿ ಮೂಗಿಗೆ ಅದು ಸುಲಭವಾಗಿ ಸಿಗುತ್ತದೆ, ಕೆದಕಿ ತಿಂದುಬಿಡುತ್ತದೆ. ಆ ತಿಂಗಳುಗಳಲ್ಲಿ ಒಣ ಮರಳಿನ ಕಡೆ ಹೋಗುವುದೇ ಇಲ್ಲ, ಅಲೆ ಬಂದು ಹೋಗುವ ಒದ್ದೆ ಪಟ್ಟಿಯಲ್ಲೇ ನಡೆಸುತ್ತೇನೆ.

ಈಗ ಹೇಲಿನ ವಿಷಯ. ಅಂಗಡಿಯ ಪ್ಲಾಸ್ಟಿಕ್ ಚೀಲ ಮರಳಿನಲ್ಲಿ ಅಷ್ಟು ಉಪಯೋಗಕ್ಕೆ ಬರಲ್ಲ. ಕೈಯಲ್ಲಿ ಹಿಡಿದ ಕೂಡಲೇ ಹೇಲು ಪುಡಿಯಾಗಿ ಅರ್ಧ ಮರಳಿನಲ್ಲೇ ಉಳಿಯುತ್ತದೆ. ನಮ್ಮಲ್ಲಿ ಅಡಿಕೆ ಹಾಳೆಗೆ ಬರವೇ? ಅಂಗೈ ಅಗಲದ ತುಂಡು ಕತ್ತರಿಸಿ, ಹಿಂದಿನ ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಬಾಗಿಸಿದಂತೆ ಬಾಗುತ್ತದೆ. ಅದನ್ನು ಮರಳಿನೊಳಗೆ ಎರಡು ಬೆರಳು ಆಳಕ್ಕೆ ತೂರಿಸಿ, ಕೆಳಗಿನ ಮರಳಿನ ಸಮೇತ ಎತ್ತಬೇಕು. ಹಾಳೆಯನ್ನೂ ಸೇರಿಸಿ ಹಳೇ ಪೇಪರಿನಲ್ಲಿ ಸುತ್ತಿ ಮುಚ್ಚಳದ ಡಬ್ಬಿಗೆ ಹಾಕಿದರೆ ಕಾರಿನಲ್ಲಿ ವಾಸನೆಯೂ ಬರಲ್ಲ.

ಆಮೇಲೆ ತೆಗೆದರಾಯಿತು ಅಂತ ಮುಂದಕ್ಕೆ ಹಾಕಬಾರದು. ನಾಯಿ ಹೊಟ್ಟೆಯ ಕೊಕ್ಕೆಹುಳದ ಮೊಟ್ಟೆಗಳು ಹೇಲಿನ ಜೊತೆ ಬೀಳುತ್ತವೆ. ಬಿಸಿ, ತೇವ, ನೆರಳು ಸಿಕ್ಕರೆ ಒಂದೆರಡು ದಿನದಲ್ಲಿ ಒಡೆದು, ವಾರದ ಹೊತ್ತಿಗೆ ಮರಿಹುಳ ಚರ್ಮ ಹೊಕ್ಕುವಷ್ಟು ಬಲಿಯುತ್ತದೆ. ಬರಿಗಾಲಲ್ಲಿ ನಡೆದವರ ಪಾದದಲ್ಲಿ ಹಾವಿನಂತೆ ಅಂಕುಡೊಂಕು ಕೆಂಪು ಗೆರೆ, ತಡೆಯಲಾರದ ತುರಿಕೆ. ಆಗಲೇ ಎತ್ತಿಬಿಟ್ಟರೆ ಹುಳಕ್ಕೆ ಅಷ್ಟು ಸಮಯವೇ ಸಿಗುವುದಿಲ್ಲ. ಜೊತೆಗೆ ಮೂರು ತಿಂಗಳಿಗೊಮ್ಮೆ ಹುಳದ ಮಾತ್ರೆ, ಅದೂ ಪಶು ವೈದ್ಯರು ತೂಕ ನೋಡಿ ಹೇಳಿದಷ್ಟೇ.

ಮನೆಯಿಂದ ಕ್ಯಾನ್‌ನಲ್ಲಿ ಕುಡಿಯುವ ನೀರು ಒಯ್ಯುವುದನ್ನು ಮರೆಯಬೇಡಿ. ಬಾಯಾರಿದ ನಾಯಿ ಸಮುದ್ರದ ನೀರನ್ನೇ ನೆಕ್ಕುತ್ತದೆ, ಆಮೇಲೆ ವಾಂತಿ, ಭೇದಿ. ಭೇದಿಯನ್ನು ಯಾವ ಹಾಳೆಯಿಂದಲೂ ಎತ್ತಲಾಗುವುದಿಲ್ಲ ಅಲ್ವಾ? ಘಟ್ಟದ ತಿರುವು ಇರುವುದರಿಂದ ಹೊರಡುವ ಮುಂಚೆ ಊಟ ಹಾಕುವುದಿಲ್ಲ.

ಮರಳಿನಲ್ಲಿ ಬಾಟಲಿ ಚೂರು, ಬಲೆ ತುಂಡು, ಗುಟ್ಕಾ ಚೀಟಿ ನೋಡಿದಾಗ ನಾಯಿಯನ್ನೇ ಯಾಕೆ ದೂರುತ್ತಾರೋ ಅಂತ ನನಗೂ ಸಿಟ್ಟು ಬರುತ್ತದೆ. ಆದರೆ ಡಬ್ಬಿ ಹಿಡಿಯದ ನಾಯಿ ಮಾಲೀಕರಿಗೆ ಆ ಸಿಟ್ಟು ಮಾಡುವ ಹಕ್ಕಿಲ್ಲ. ಪಂಚಾಯ್ತಿಗಳು ಬಾವುಟ ಇಲ್ಲದ ಕಡೆ ಬೆಳಿಗ್ಗೆ 8ರ ತನಕ ಹಗ್ಗ ಕಟ್ಟಿದ ನಾಯಿಗೆ ಬಿಡಬಹುದು ಅಂತ ಬೋರ್ಡ್ ಹಾಕಿದರೆ ಇಬ್ಬರಿಗೂ ಸುಖ. ಸುಮ್ನೆ ಎಲ್ಲ ಕಡೆ 'ನಿಷೇಧ' ಅಂದರೆ ಜನ ಕತ್ತಲಲ್ಲಿ ಕದ್ದು ಬರುತ್ತಾರೆ, ಹೇಲನ್ನಂತೂ ಎತ್ತುವುದೇ ಇಲ್ಲ.

ವಾಪಸ್ ಬರುವಾಗ ಗೇರುಸೊಪ್ಪ ಕಾಡಿನಲ್ಲಿ ಜೂಲಿಯನ್ನು ಇಳಿಸುವುದಿಲ್ಲ. ಬೇಸಿಗೆಯಲ್ಲಿ ಉಣುಗು ಜಾಸ್ತಿ, ಮಂಗನ ಕಾಯಿಲೆ ಹರಡುವುದೇ ಅದರಿಂದ. 1957ರಲ್ಲಿ ಆ ಕಾಯಿಲೆ ಮೊದಲು ಗುರುತಾದದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ನಾಯಿ ಮೈಗೆ ಹತ್ತಿದ ಉಣುಗು ಮನೆಯೊಳಗೆ ಬಂದರೆ ಕಷ್ಟ. ಮನೆಗೆ ಬಂದ ಮೇಲೆ ಉಪ್ಪು ಹೋಗುವ ತನಕ ಸಿಹಿನೀರಿನಲ್ಲಿ ತೊಳೆದು, ಕಿವಿ ಒರೆಸಿ, ಬೆರಳ ಸಂದು ನೋಡುತ್ತೇನೆ. ಡಬ್ಬಿಯದ್ದು ತೋಟದ ಮೂಲೆಯ ಗುಂಡಿಗೆ. ಬಾವಿಯಿಂದ, ಹಳ್ಳದಿಂದ, ತರಕಾರಿ ಮಡಿಯಿಂದ ದೂರ ಇರುವ ಗುಂಡಿ ಅದು. ಗೊಬ್ಬರ ಗುಂಡಿಗೆ ಮಾತ್ರ ಹಾಕಬೇಡಿ, ಆ ಗೊಬ್ಬರ ನಾಳೆ ಬಸಳೆ ಬುಡಕ್ಕೇ ಹೋಗುತ್ತದೆ.