ಮೂವತ್ತಕ್ಕೇ ಬಡ್ಡಿಯಲ್ಲಿ ಬದುಕಬಹುದೇ? ಲೆಕ್ಕ ಹಾಕುವ ಬಗೆ

ತುಮಕೂರು ಬಳಿಯ ವಸಂತನರಸಾಪುರದಲ್ಲಿ ಕೈಗಾರಿಕೆಗೆ ಜಮೀನು ಹೋಗಿ ಪರಿಹಾರದ ಹಣ ಬಂದ ಮನೆಯ ಮೂವತ್ತರ ಯುವಕರೊಬ್ಬರು, ಮದುವೆಯ ಕರೆಯೋಲೆಯ ಬೆನ್ನಿಗೆ ಬರೆದ ಲೆಕ್ಕವೊಂದನ್ನು ಈಚೆಗೆ ನನ್ನ ಮುಂದಿಟ್ಟರು. 50 ಲಕ್ಷವನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟರೆ ತಿಂಗಳಿಗೆ ಸುಮಾರು 29 ಸಾವಿರ ಬರುತ್ತದೆ, ಮನೆ ಖರ್ಚು 25 ಸಾವಿರ; ‘ಇನ್ನು ಫ್ಯಾಕ್ಟರಿಗೆ ಯಾಕೆ ಹೋಗಬೇಕು ಸಾರ್?’ ಎಂಬುದು ಅವರ ಪ್ರಶ್ನೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ಮೊದಲ ಹೆಜ್ಜೆ, ಖರ್ಚನ್ನು ತಿಂಗಳಿಗಲ್ಲ, ಇಡೀ ವರ್ಷಕ್ಕೆ ಬರೆಯುವುದು. ಹಬ್ಬ, ಮುಯ್ಯಿ, ಬೈಕಿನ ವಿಮೆ, ತಾಯಿಯ ಮಾತ್ರೆಗಳು ತಿಂಗಳ ಲೆಕ್ಕದಲ್ಲಿ ಸಿಕ್ಕುವುದಿಲ್ಲ. ಕೆಲಸ ಬಿಟ್ಟರೆ ಕಂಪನಿಯ ಆರೋಗ್ಯ ವಿಮೆಯೂ ಹೋಗುವುದರಿಂದ ಸ್ವಂತ ವಿಮೆಯ ಕಂತನ್ನೂ ಸೇರಿಸಬೇಕು.

ಎರಡನೆಯದು ಬೆಲೆ ಏರಿಕೆಯನ್ನು ಕಳೆಯುವುದು. ಬಹುತೇಕರು ಎಡವುವುದು ಇಲ್ಲಿಯೇ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಇಂದಿನ 25 ಸಾವಿರದ ಖರ್ಚು 12 ವರ್ಷಕ್ಕೆ 50 ಸಾವಿರವಾಗುತ್ತದೆ, 24 ವರ್ಷಕ್ಕೆ ಒಂದು ಲಕ್ಷ. ಬಡ್ಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಅಸಲಿನ ಬೆಲೆ ಕರಗದಂತೆ ಉಳಿಸಿಕೊಳ್ಳಬೇಕಾದರೆ ಬಂದ ಶೇ 7ರಲ್ಲಿ ಶೇ 6ನ್ನು ಅಸಲಿಗೇ ಮರಳಿಸಬೇಕು. ಆಗ 50 ಲಕ್ಷದಿಂದ ನಿಶ್ಚಿಂತೆಯಿಂದ ಉಣ್ಣಬಹುದಾದದ್ದು ತಿಂಗಳಿಗೆ ಸುಮಾರು 4 ಸಾವಿರ ಮಾತ್ರ. ಹಾಗೆ ಮರಳಿಸದೆ, ಏರುವ ಖರ್ಚಿಗೆಲ್ಲ ಅದರಿಂದಲೇ ತೆಗೆಯುತ್ತ ಹೋದರೆ ಸುಮಾರು 18 ವರ್ಷದಲ್ಲಿ ಅಸಲೂ ಮುಗಿಯುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದ ನಮ್ಮ ಅಜ್ಜಿಯರಿಗೆ ಹಣದುಬ್ಬರ ಎಂಬ ಪದ ಗೊತ್ತಿರಲಿಲ್ಲ, ಅಷ್ಟೆ.

ಮೂರನೆಯದು ಹಣವನ್ನು ಎಲ್ಲಿಡಬೇಕೆಂಬುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ತುಂಬಿರಬೇಕು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿಗೆ 9 ಲಕ್ಷವೇ ಮಿತಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯ ರಕ್ಷಣೆ ಒಂದು ಬ್ಯಾಂಕಿಗೆ 5 ಲಕ್ಷದವರೆಗೆ ಮಾತ್ರ.

ಬಡ್ಡಿಯ ಬಹುಪಾಲನ್ನು ಬೆಲೆ ಏರಿಕೆಯೇ ತಿನ್ನುವುದರಿಂದ ದೀರ್ಘ ಕಾಲಕ್ಕೆ, ಹಲವರ ಹಣ ಕೂಡಿಸಿ ಷೇರುಗಳಲ್ಲಿ ತೊಡಗಿಸುವ ಷೇರು ಮ್ಯೂಚುವಲ್ ಫಂಡ್‌ಗಳ ಪಾಲು ಬೇಕೇ ಬೇಕು. ಎಷ್ಟು ತೆಗೆಯಬಹುದು? ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಮಂಡಿಸಿದ ಲೆಕ್ಕದ ಪ್ರಕಾರ ಮೊದಲ ವರ್ಷ ಒಟ್ಟು ಹಣದ ಶೇ 4ರಷ್ಟು, ಬಳಿಕ ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸುತ್ತ ತೆಗೆಯಬಹುದು. ಆದರೆ ಅದು ಅಲ್ಲಿನ ಮಾರುಕಟ್ಟೆಯನ್ನು, 30 ವರ್ಷದ ನಿವೃತ್ತಿ ಜೀವನವನ್ನು ನೋಡಿ ಹಾಕಿದ ಲೆಕ್ಕ. ಮೂವತ್ತರ ಯುವಕನಿಗೆ ಹಣ 55 ವರ್ಷ ಬಾಳಬೇಕು. ನಾನಾದರೆ ಶೇ 3 ದಾಟುವುದಿಲ್ಲ. ವರ್ಷಕ್ಕೆ 3 ಲಕ್ಷ ಬೇಕೆಂದರೆ ಒಂದು ಕೋಟಿ ಇರಬೇಕು.

ಅಷ್ಟಿದ್ದರೂ ಮೂರು ವರ್ಷದ ಖರ್ಚನ್ನು ಠೇವಣಿಯಲ್ಲಿ ಬೇರೆಯಾಗಿಡಬೇಕು, ಏಕೆಂದರೆ 2008ರ ಜನವರಿಯಲ್ಲಿ 21 ಸಾವಿರ ದಾಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8 ಸಾವಿರಕ್ಕಿಂತ ಕೆಳಗೆ ಬಿದ್ದಿತ್ತು. ತಿಪಟೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಟ್ಟಕ್ಕೇರಿಸಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು–ಹನ್ನೊಂದು ತಿಂಗಳು ಬೇಕು; ಹರಾಜಿನಲ್ಲಿ ದರ ಕುಸಿದಾಗ ಖರ್ಚಿಗೆ ಕಾಸಿದ್ದವರು ಅಟ್ಟದಲ್ಲೇ ಬಿಡುತ್ತಾರೆ, ಇಲ್ಲದವರು ಕೇಳಿದ ಬೆಲೆಗೆ ಕೊಡುತ್ತಾರೆ.

ತೆರಿಗೆಯ ಮಾತು ಚಿಕ್ಕದು: ವರ್ಷ ದಾಟಿದ ಷೇರು ಫಂಡ್ ಮಾರಿ ಬಂದ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲೆ ಶೇ 12.5.

ಈ ಲೆಕ್ಕದಲ್ಲಿ ಅವರ 50 ಲಕ್ಷ ಕೊಡುವುದು ತಿಂಗಳಿಗೆ 12,500, ಅಂದರೆ ಅರ್ಧ ಸಂಸಾರ. ಉಳಿದರ್ಧವನ್ನು ದುಡಿದು ತುಂಬಬಹುದು. ಅಥವಾ ಸಂಬಳದಲ್ಲೇ ಬದುಕಿ ಹಣವನ್ನು ಮುಟ್ಟದೆ ಬಿಟ್ಟರೆ, ಅದು ಬೆಲೆ ಏರಿಕೆಗಿಂತ ಶೇ 4ರಷ್ಟು ಹೆಚ್ಚು ಬೆಳೆದಲ್ಲಿ (ಇದಕ್ಕೆ ಯಾರೂ ಖಾತರಿ ಕೊಡರು), 48ನೇ ವಯಸ್ಸಿಗೆ ಇಂದಿನ ಬೆಲೆಯ ಒಂದು ಕೋಟಿಯಾಗುತ್ತದೆ. ಕರೆಯೋಲೆಯ ಲೆಕ್ಕದಲ್ಲಿ ಹಣ ಬರಿದಾಗುತ್ತಿದ್ದದ್ದೂ ಅದೇ ವಯಸ್ಸಿಗೆ. ಅವರು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು, ಎರಡನೇ ಪಾಳಿಗೆ ಹೊತ್ತಾಯಿತೆಂದು ಎದ್ದರು.