ಕೆಮಾಲ್ ಪಾಷಾನ ಪಾತ್ರವಿಲ್ಲದೆ 1919ರ ತುರ್ಕಿ ಪಾಠ

"ಮುಸ್ತಫಾ ಕೆಮಾಲ್ ಪಾಷಾನನ್ನು ಬಿಟ್ಟು ತುರ್ಕಿ ಪಾಠವೇ? ರಾಮನಿಲ್ಲದ ರಾಮಾಯಣ ಆಗುತ್ತೆ ನೋಡಿ" ಎಂದಿದ್ದರು ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು. ಆಗಲಿಲ್ಲ. ಮುಂದೆ ತುರ್ಕಿ ಗಣರಾಜ್ಯ ಕಟ್ಟಿದ ಆ ಸೇನಾನಿಯಿಲ್ಲದೆಯೇ ನಮ್ಮ ಪದವಿ ತರಗತಿಯಲ್ಲಿ ಈ ಸಲ ಪಾಠ ಕೈಗೆ ಹತ್ತಿತು. ಇತಿಹಾಸ ಕಲಿಸುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮೊದಲ ಮಹಾಯುದ್ಧದಲ್ಲಿ ಸೋತ ಒಟ್ಟೋಮನ್ ತುರ್ಕಿ 1918ರಲ್ಲಿ ಒಪ್ಪಿಕೊಂಡ ಮುದ್ರೋಸ್ ಕದನವಿರಾಮ, 1919ರ ಮೇ 15ರಂದು ಪಶ್ಚಿಮ ಕರಾವಳಿಯ ಇಜ್ಮಿರ್‌ಗೆ ಗ್ರೀಕ್ ಸೇನೆ ಇಳಿದದ್ದು ನಿಮಗೆ ಗೊತ್ತೇ ಇದೆ. ಆಗ ಊರೂರಿನವರು ಸಭೆ ಸೇರಿ ಪ್ರತಿರೋಧಕ್ಕೆ ಇಳಿದದ್ದೇ ಈ ಪಾಠ.

ಮೊದಲು ಭಾಷಣ ಬರೆದುಕೊಟ್ಟು, ಪ್ರತಿನಿಧಿಗಳು ಸಿವಾಸ್ ಊರಿನಲ್ಲಿ ಸೇರಿದ ಮಹಾಸಭೆಯ ನಾಟಕ ಆಡಿಸಿದೆ. ಓದಿದರು, ಚಪ್ಪಾಳೆ ತಟ್ಟಿದರು, ಮರೆತರು. ಆಮೇಲೆ ತುರ್ಕಿಯ ಏಷ್ಯಾ ಭಾಗವಾದ ಅನಟೋಲಿಯಾದ ಭೂಪಟವನ್ನು ದೊಡ್ಡ ಫ್ಲೆಕ್ಸ್ ಮಾಡಿಸಿದೆ; ಸಾವಿರದ ಇನ್ನೂರರ ಆಸುಪಾಸು ನನ್ನ ಜೇಬಿನಿಂದಲೇ ಹೋಯಿತು. ಅದರ ಮುಂದೆ ಫೋಟೊ ತೆಗೆಸಿಕೊಂಡರು, ಅಷ್ಟೇ. ಊರಿಗೊಂದು ತಂಡ ಮಾಡಿ ಚರ್ಚೆಗೆ ಬಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲರೂ ಎಲ್ಲದಕ್ಕೂ ಒಪ್ಪಿಬಿಟ್ಟರು. ಹೋರಾಟದ ಖರ್ಚು ಯಾರದೆಂದು ಕೇಳುವವರೇ ಇರಲಿಲ್ಲವಲ್ಲ!

ಗೆದ್ದದ್ದು ಹುಣಸೆಬೀಜದಿಂದ. ಬಾಲಿಕೆಸಿರ್, ಅಲಾಶೆಹಿರ್, ನಾಜಿಲ್ಲಿ, ಎರ್ಜುರುಮ್, ಟ್ರಾಬ್ಜಾನ್, ಪ್ರತಿ ಊರಿಗೂ ಬೀಜದ ಚೀಲ. ಬೀಜವೇ ಲಿರಾ, ಅಂದರೆ ತುರ್ಕಿಯ ಹಣ. ಜೆರಾಕ್ಸ್ ಸೇರಿ ಇನ್ನೂರು ರೂಪಾಯಿ ದಾಟಿಲ್ಲ. ಪಾಷಾನ ಪಾತ್ರ ಯಾರಿಗೂ ಕೊಡಲಿಲ್ಲ. ಗ್ರೀಕ್ ಯುದ್ಧರಂಗ ಹತ್ತಿರವಿದ್ದ ಬಾಲಿಕೆಸಿರ್, ಅಲಾಶೆಹಿರ್‌ನವರು ಆಳು, ದವಸ, ಹಣ ಎಂದು ಚೀಲ ಬರಿದು ಮಾಡಿಕೊಂಡರು. ಎರ್ಜುರುಮ್‌ನವರು ಬಿಚ್ಚಲಿಲ್ಲ: "ನಮ್ಮ ಭಯ ಪೂರ್ವದ ಗಡಿಯದು, ಇಜ್ಮಿರ್‌ಗೆ ನಾವೇಕೆ ಕೊಡಬೇಕು?" ಆ ವರ್ಷದ ನಿಜವಾದ ತೊಡಕೇ ಅದು. ಜುಲೈ 23ಕ್ಕೆ ಶುರುವಾದ ಎರ್ಜುರುಮ್ ಸಭೆ ಪೂರ್ವದ ಪ್ರಾಂತಗಳು ಕರೆದದ್ದು. ಪಶ್ಚಿಮದವರು ತಮ್ಮ ಸಭೆಗಳನ್ನು ತಾವೇ ನಡೆಸಿಕೊಂಡರು. ಎರಡನೆಯ ಅವಧಿಯಲ್ಲಿ ಟ್ರಾಬ್ಜಾನ್ ತಂಡದ ಹುಡುಗಿಯೊಬ್ಬಳು ಎದ್ದು, "ಎಲ್ಲ ಸಂಘ ಸೇರಿಸಿ ಒಂದೇ ಮಾಡೋಣ, ಲೆಕ್ಕವೂ ಒಂದೇ ಇರಲಿ" ಎಂದಳು. ಸೆಪ್ಟೆಂಬರ್ 4ರಿಂದ 11ರವರೆಗೆ ಸಿವಾಸ್‌ನಲ್ಲಿ ಆದದ್ದೂ ಇದೇ: ಊರೂರಿನ ಹಕ್ಕು ರಕ್ಷಣಾ ಸಂಘಗಳು ಸೇರಿ ಒಂದೇ ಅನಟೋಲಿಯಾ-ರುಮೇಲಿಯಾ (ರುಮೇಲಿಯಾ ಎಂದರೆ ಯುರೋಪಿನ ಭಾಗ) ಸಂಘವಾದವು. ನಾನು ಬಾಯಿ ಬಿಟ್ಟಿರಲಿಲ್ಲ.

ಪಾಷಾನನ್ನು ತಂದದ್ದು ಆಮೇಲೆಯೇ. ಎರ್ಜುರುಮ್‌ನಲ್ಲಿ ಅವನು ಪ್ರತಿನಿಧಿಯಾಗಲೆಂದು ಸ್ಥಳೀಯರೊಬ್ಬರು ಜಾಗ ತೆರವು ಮಾಡಿಕೊಟ್ಟದ್ದು, ಸಿವಾಸ್‌ಗೆ ಹೊರಡಲು ಕೈಯಲ್ಲಿ ಕಾಸಿಲ್ಲದೆ ನಿವೃತ್ತ ಮೇಜರೊಬ್ಬ ಕೂಡಿಟ್ಟಿದ್ದ 900 ಲಿರಾದಷ್ಟು ಕೊಟ್ಟದ್ದು, ಬೀಜ ಎಣಿಸಿ ದಣಿದ ಮಕ್ಕಳಿಗೆ ತಟ್ಟನೆ ತಾಗುತ್ತದೆ. ಎರ್ಜುರುಮ್ ಸಭೆ ಕೂತದ್ದು ಹಿಂದೆ ಅರ್ಮೇನಿಯನ್ನರ ಶಾಲೆಯಾಗಿದ್ದ ಕಟ್ಟಡದಲ್ಲಿ. ಇದನ್ನೂ ಬಿಡದೆ ಹೇಳಿ. ಆ ಸಭೆಗಳಲ್ಲಿ ಅರ್ಮೇನಿಯನ್ನರಿಗೆ, ಗ್ರೀಕರಿಗೆ ಜಾಗವಿರಲಿಲ್ಲ.

ನಡುವೆ ತಂತಿಯ (ಟೆಲಿಗ್ರಾಂ) ಆಟವನ್ನೂ ಸೇರಿಸಿದೆ. ವರಾಂಡದಲ್ಲಿ ಇಬ್ಬರು ತಂತಿ ಗುಮಾಸ್ತರು, ಸುಲ್ತಾನನ ಸರ್ಕಾರವಿದ್ದ ಇಸ್ತಾಂಬುಲ್ ಪಕ್ಕದ ಕೋಣೆಯಲ್ಲಿ. ಸಭೆ ಮುಗಿದೊಡನೆ ಸಿವಾಸ್‌ನವರು ಇಸ್ತಾಂಬುಲ್ ಸಂಪರ್ಕ ಕಡಿದರು, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲ್ಲಿನ ಪ್ರಧಾನಿ ದಾಮಾದ್ ಫೆರಿದ್ ಪಾಷಾನ ಸರ್ಕಾರ ಬಿತ್ತು. ನಮ್ಮ ಆಟದಲ್ಲೂ ಬಾಗಿಲು ಹಾಕಿ ತಂತಿಯ ಚೀಟಿ ನಿಲ್ಲಿಸಿದಾಗ ಇಸ್ತಾಂಬುಲ್ ಕೋಣೆಯವರ ಚಡಪಡಿಕೆ ನೋಡಬೇಕಿತ್ತು. ಇಸ್ತಾಂಬುಲ್ ತಂಡಕ್ಕೆ ಕೊಡುವ ಲಕೋಟೆಯಲ್ಲಿ ಮೊದಲೇ ಒಂದು ಚೀಟಿ ಇಟ್ಟಿರುತ್ತೇನೆ. ಅದರಲ್ಲಿ ಏನಿದೆಯೆಂದು ಇಲ್ಲಿ ಹೇಳುವುದಿಲ್ಲ, ಮುಂದಿನ ಬ್ಯಾಚಿನವರೂ ಓದುತ್ತಾರೆ.

ಮಾಡುವವರಿಗೆ ಒಂದು ಮಾತು: ಸಿವಾಸ್‌ನಲ್ಲಿ ಅಮೆರಿಕದ ಮ್ಯಾಂಡೇಟ್ (ಉಸ್ತುವಾರಿ ಆಡಳಿತ) ಬೇಕೆಂದು ವಾದಿಸಿದವರೂ ಇದ್ದರು. ಆ ಪಕ್ಷಕ್ಕೆ ತರಗತಿಯ ಒಳ್ಳೆಯ ಮಾತುಗಾರರನ್ನೇ ಕೊಡಿ, ಒಂದು ಪೂರ್ತಿ ಅವಧಿ ಬಿಡಿ.